ದಿಂಬಿನ ಕೆಳಗಿನ ಲಾಡು

ನಿವೃತ್ತ ಶಿಕ್ಷಕಿಯೊಬ್ಬರ ಪತ್ರ ಬಂದಿದೆ. ಮೊಮ್ಮಗಳ ಹುಟ್ಟುಹಬ್ಬಕ್ಕೆ ಊರಿನ ಬಾಲಮಂದಿರದಲ್ಲಿ ಲಾಡು ಹಂಚಿದರಂತೆ. 11 ವರ್ಷದ ಹುಡುಗ ನಾಲ್ಕು ಲಾಡು ಕದ್ದು ದಿಂಬಿನ ಕೆಳಗಿಟ್ಟುಕೊಂಡ. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಅಕ್ಕ ಕೇಳಿದ್ದಕ್ಕೆ ಕಿಟಕಿ ಗಾಜು ಒಡೆದ. ‘ಊಟ, ಬಟ್ಟೆ, ಶಾಲೆ ಎಲ್ಲಾ ಇದೆ. ವಾರಕ್ಕೊಮ್ಮೆ ಕೌನ್ಸೆಲರ್ ಬರುತ್ತಾರೆ. ಆದರೂ ಹೀಗೆ. ಅವನನ್ನು ಚಿಕಿತ್ಸೆ ಕೊಡುವ ಜಾಗಕ್ಕೆ ಕಳಿಸಬಾರದೇ?’ ಎಂದು ಕೇಳಿದ್ದಾರೆ.

ಮೇಡಂ, ಚಿಕಿತ್ಸೆ ಅಂದ ಕೂಡಲೇ ನಮಗೆಲ್ಲ ಡಾಕ್ಟರ ಕೋಣೆ ನೆನಪಾಗುತ್ತದೆ. ಇಂಗ್ಲೆಂಡಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ ಕೂಡ ಮೊದಲು ಹಾಗೇ ಅಂದುಕೊಂಡಿದ್ದರು. ಎರಡನೇ ಮಹಾಯುದ್ಧದಲ್ಲಿ ಬಾಂಬಿನ ಭಯಕ್ಕೆ ನಗರದ ಮಕ್ಕಳನ್ನು ಹಳ್ಳಿಗಳಿಗೆ ಕಳಿಸಿದ್ದರಲ್ಲ, ಅವರಲ್ಲಿ ಯಾರ ಮನೆಯಲ್ಲೂ ನಿಲ್ಲದವರಿಗೆ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಹಾಸ್ಟೆಲ್‌ಗಳಿದ್ದವು. ವಿನಿಕಾಟ್ ಅಲ್ಲಿಗೆ ವಾರಕ್ಕೊಮ್ಮೆ ಹೋಗುತ್ತಿದ್ದರು, ನಿಮ್ಮ ಕೌನ್ಸೆಲರ್ ಥರವೇ. 1970ರಲ್ಲಿ, ಸಾಯುವ ಕೆಲವೇ ತಿಂಗಳ ಮುಂಚೆ, ಆ ದಿನಗಳನ್ನು ನೆನೆದು ಒಂದು ಮಾತು ಒಪ್ಪಿಕೊಂಡರು. ಚಿಕಿತ್ಸೆ ನಡೆಸಿದ್ದು ತಾವಲ್ಲವಂತೆ. ಗೋಡೆ, ಸೂರು, ಅಡುಗೆಯವರು, ಹೊತ್ತಿಗೆ ಸರಿಯಾಗಿ ಬರುತ್ತಿದ್ದ ಊಟ, ಬೆಚ್ಚಗಿನ ಹೊದಿಕೆ. ಮಕ್ಕಳು ಇಟ್ಟಿಗೆ ಎಸೆಯಲು ಸಿಕ್ಕ ಗಾಜಿನ ಕೋಣೆಯನ್ನೂ ಅವರು ಆ ಪಟ್ಟಿಗೆ ಸೇರಿಸಿದ್ದರು! ನಿಮ್ಮ ಹುಡುಗ ಒಡೆದ ಗಾಜು ನನಗೆ ಇಲ್ಲೇ ನೆನಪಾಯಿತು.

ಕದಿಯುವ ಮಗು ತನಗೆ ಸಿಗಬೇಕಾದ್ದು ಸಿಗುತ್ತದೆ ಅನ್ನುವ ಭರವಸೆಯನ್ನು ಇನ್ನೂ ಬಿಟ್ಟಿಲ್ಲ ಅನ್ನುವುದೂ ಅವರದೇ ವಿಚಾರ. ಹಸಿವು ಕಂಡವನಿಗೆ ಇವತ್ತಿನ ಊಟ ಎದುರಿಗಿದೆ, ನಾಳೆಯದು ಯಾರಿಗೆ ಗೊತ್ತು? ಹೊಟ್ಟೆ ತುಂಬಿದ್ದರೂ ದಿಂಬಿನ ಕೆಳಗೆ ಏನಾದರೂ ಬೇಕು. ಇದು ಬುದ್ಧಿ ಹೇಳಿದರೆ ಹೋಗುವಂಥದ್ದಲ್ಲ. ಗಾಜು ಒಡೆದ ಮರುದಿನ ಬೆಳಗ್ಗೆ ಅದೇ ಅಕ್ಕ, ಅದೇ ದನಿಯಲ್ಲಿ ‘ಬಾ, ಉಪ್ಪಿಟ್ಟು ಆರುತ್ತೆ’ ಅಂದಳಾ? ನಾನು ಕೇಳುವುದು ಇಷ್ಟೇ. ಅಂದಿದ್ದರೆ ಅದೇ ಚಿಕಿತ್ಸೆ. ಆ ಅಕ್ಕ ಮೂರು ತಿಂಗಳಿಗೊಮ್ಮೆ ಬದಲಾಗುತ್ತಿದ್ದರೆ ಯಾವ ಕೌನ್ಸೆಲರ್ ಬಂದೂ ಜಾಸ್ತಿ ಪ್ರಯೋಜನವಿಲ್ಲ. ಅವನನ್ನು ಬೇರೆಡೆ ಕಳಿಸಿದರೆ ಅವನ ಲೆಕ್ಕಕ್ಕೆ ಇನ್ನೊಂದು ಮನೆ ಹೋದಂತೆ, ಅಲ್ವಾ? ಮನೋವೈದ್ಯರು ಬೇಕೇ ಬೇಕಾದರೆ ಇಲ್ಲಿದ್ದುಕೊಂಡೇ ಕರೆದೊಯ್ಯಬಹುದು.

ಹಾಗಂತ ಬಾಲಮಂದಿರವೇ ಸ್ವರ್ಗ ಅನ್ನುತ್ತಿಲ್ಲ. ರುಮೇನಿಯದ ಬುಖಾರೆಸ್ಟ್‌ನಲ್ಲಿ ಅನಾಥಾಲಯದ 136 ಪುಟ್ಟ ಮಕ್ಕಳಲ್ಲಿ ಅರ್ಧದಷ್ಟನ್ನು ಸಾಕಲು ಒಪ್ಪಿದ ಕುಟುಂಬಗಳಿಗೆ ಕಳಿಸಿ ಸಂಶೋಧಕರು ನೋಡಿದ್ದರು. ಎರಡು ವರ್ಷ ತುಂಬುವ ಮುಂಚೆ ಹೋದವರು ಹೆಚ್ಚು ಚೇತರಿಸಿಕೊಂಡರು. ನಮ್ಮ 2015ರ ಬಾಲನ್ಯಾಯ ಕಾಯ್ದೆಯೂ ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ ಅನ್ನುತ್ತದೆ. ಒಂದೊಂದು ಮಗುವಿಗೂ ಬೇರೆ ಬೇರೆ ಆರೈಕೆ ಯೋಜನೆ ಇರಬೇಕು. ಈ ಹುಡುಗನ ಯೋಜನೆ ಬರೆದಾಗ ಆ ಅಕ್ಕನನ್ನು ಕೇಳಿದ್ದರೋ ಇಲ್ಲವೋ.

ಇನ್ನು ಲಾಡು. ನಾನೂ ಹಿಂದೆ ಹುಟ್ಟುಹಬ್ಬಕ್ಕೆ ಹೀಗೆ ಹಂಚಿ ಫೋಟೊ ತೆಗೆಸಿಕೊಂಡು ಬಂದವನೇ. ಮತ್ತೆ ಹೋಗಲಿಲ್ಲ. ನೀವು ಪ್ರತಿ ತಿಂಗಳೂ ಹೋಗುತ್ತೀರಿ ಎಂದು ಬರೆದಿದ್ದೀರಿ, ಅದನ್ನು ಬಿಡಬೇಡಿ. ಬರುವ ದಿನ ಮೊದಲೇ ಹೇಳಿ, ಹೇಳಿದ ದಿನವೇ ಹೋಗಿ. ಅಧೀಕ್ಷಕರು ಒಪ್ಪಿದರೆ ಊಟದ ಮನೆಯಲ್ಲಿ ಒಂದು ಡಬ್ಬಿ ಇಡಿಸಿ. ಅದರಲ್ಲಿ ಬಾಳೆಹಣ್ಣು, ಕಡಲೆಕಾಯಿ ಯಾವಾಗಲೂ ಇರಲಿ. ರಾತ್ರಿ ಯಾರು ಬೇಕಾದರೂ ಎದ್ದು ತಿನ್ನಲಿ. ಕದ್ದದ್ದು ಅಂತ ಯಾರೂ ಕೇಳದಿರಲಿ.