ಹೌರಾ ಸೇತುವೆಗೆ ನದಿಯಲ್ಲಿ ಕಂಬ ಯಾಕಿಲ್ಲ?

ಪ್ರಶ್ನೆ: ನಾನು ಬದಿಯಡ್ಕದವನು. ಮಗಳು ಕೋಲ್ಕತ್ತಾದಲ್ಲಿ ಕೆಲಸದಲ್ಲಿದ್ದಾಳೆ. ಅವಳ ಮನೆಗೆ ಹೋಗಿದ್ದಾಗ ಹೌರಾ ಸೇತುವೆ ನೋಡಿದೆ. ನಮ್ಮ ಚಂದ್ರಗಿರಿ ಸೇತುವೆಗೆ ಹೊಳೆಯೊಳಗೇ ಸಾಲಾಗಿ ಕಂಬಗಳಿವೆ. ಅಲ್ಲಿ ಅಷ್ಟು ಅಗಲದ ನದಿ, ನೀರಿನ ನಡುವೆ ಒಂದೂ ಕಂಬ ಕಾಣಲಿಲ್ಲ. ಹಡಗು ಹೋಗಲಿ ಅಂತ ಹಾಗೆ ಕಟ್ಟಿದ್ದಾ? ಅದಕ್ಕೂ ಮೊದಲು ಜನ ಹೇಗೆ ದಾಟುತ್ತಿದ್ದರು?

ಉತ್ತರ: ಹಡಗು ಒಂದು ಕಾರಣ, ನಿಜ. ಆದರೆ ಅದಕ್ಕಿಂತ ದೊಡ್ಡ ಕಾರಣ ಹೂಳು. ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಆಗ ಮೊದಲನೆಯದು ಸುಲಭವಾಗುತ್ತದೆ.

1854ರಲ್ಲಿ ಹೌರಾದಿಂದ ರೈಲು ಹೊರಟಿತು. ರೈಲು ಈ ದಡದಲ್ಲಿ, ಕೋಲ್ಕತ್ತಾ ಪೇಟೆ ಆ ದಡದಲ್ಲಿ. ನಡುವೆ ಹೂಗ್ಲಿ ನದಿ, ಅದರ ತುಂಬ ದೋಣಿ, ಸ್ಟೀಮರು, ಸೆಣಬಿನ ಸರಕು. ಕೊನೆಗೆ 1874ರಲ್ಲಿ ಬ್ರಾಡ್‌ಫೋರ್ಡ್ ಲೆಸ್ಲಿ ಎಂಬ ಎಂಜಿನಿಯರ್ ತೇಲುವ ಸೇತುವೆ ಕಟ್ಟಿದರು. ಸಾಲಾಗಿ ತೇಲುವ ಪೆಟ್ಟಿಗೆಗಳು, ಅವುಗಳ ಮೇಲೆ ರಸ್ತೆ, ಉದ್ದ 1528 ಅಡಿ. ಅದು ಉದ್ಘಾಟನೆಗೂ ಮೊದಲೇ ಪೆಟ್ಟು ತಿಂದಿತ್ತು. ಆ ವರ್ಷ ಮಾರ್ಚ್‌ನಲ್ಲಿ ಬಿರುಗಾಳಿಗೆ ಹಗ್ಗ ಕಡಿದುಕೊಂಡ ಒಂದು ಸ್ಟೀಮರು ಬಂದು ಗುದ್ದಿ ಮೂರು ಪೆಟ್ಟಿಗೆ ಹಾಳಾದವು.

ಹಡಗು ಬಂದರೆ ಏನು ಮಾಡುತ್ತಿದ್ದರು? ನಡುವಿನ 200 ಅಡಿಯನ್ನೇ ಬಿಚ್ಚಿ ಪಕ್ಕಕ್ಕೆ ಸರಿಸುತ್ತಿದ್ದರು. ನಮ್ಮ ತೋಟದ ತೋಡಿಗೆ ಹಾಕಿದ ಅಡಿಕೆ ಮರದ ಸಂಕವನ್ನು ಎತ್ತಿ ಪಕ್ಕಕ್ಕಿಟ್ಟ ಹಾಗೆ! ಅಷ್ಟು ಹೊತ್ತು ಎರಡೂ ಕಡೆ ಗಾಡಿ, ಜನ ಎಲ್ಲ ಕಾಯಬೇಕು. 1906ರಿಂದ ಸಣ್ಣ ಹಡಗುಗಳನ್ನು ರಾತ್ರಿ ಬಿಡಲು ಶುರು ಮಾಡಿದ ಮೇಲೆ ಹಗಲಿನ ತೊಂದರೆ ಸ್ವಲ್ಪ ಕಡಿಮೆಯಾಯಿತು. ಸಮುದ್ರದ ಹಡಗುಗಳಿಗೆ ಮಾತ್ರ ಹಗಲೇ ಬೇಕಿತ್ತು.

ಹಾಗಾದರೆ ಗಟ್ಟಿ ಕಂಬ ಹಾಕಿ ಕಟ್ಟಬಹುದಿತ್ತಲ್ವಾ? ಇಲ್ಲೇ ಹೂಳಿನ ವಿಷಯ ಬರುವುದು. ಹೂಗ್ಲಿಯಲ್ಲಿ ಭರತ–ಇಳಿತದ ಸೆಳೆತ ಜೋರು, ನೀರಿನ ತುಂಬ ಮಣ್ಣು. ಅಲ್ಲಿ ಕಂಬ ನಿಲ್ಲಿಸಿದರೆ ನೀರಿನ ಓಟ ಬದಲಾಗುತ್ತದೆ. ಒಂದು ಕಡೆ ಕೊರೆಯುತ್ತದೆ, ಇನ್ನೊಂದು ಕಡೆ ದಿಬ್ಬ ಕಟ್ಟುತ್ತದೆ. ಚಂದ್ರಗಿರಿ ಅಳಿವೆಯ ಹತ್ತಿರ ಮರಳು ಹೇಗೆ ಜಾಗ ಬದಲಿಸುತ್ತದೆ ಎಂದು ನೀವೇ ನೋಡಿರುತ್ತೀರಿ. ಬಂದರನ್ನೇ ನಂಬಿದ ನಗರಕ್ಕೆ ಹೂಳು ಅಂದರೆ ಜೀವಕ್ಕೇ ಕುತ್ತು.

ಆದ್ದರಿಂದ ಹೊಸ ಸೇತುವೆಗೆ ಎರಡು ದಡದಿಂದ 468 ಅಡಿಯ ಎರಡು ಕೈ ಚಾಚಿಸಿದರು. ನಡುವೆ 564 ಅಡಿಯ ತುಂಡು ತೂಗಿಸಿದರು. ಒಟ್ಟು 1500 ಅಡಿ, ಕೆಳಗೆ ಬರೀ ನೀರು. 26,500 ಟನ್ ಉಕ್ಕಿನಲ್ಲಿ ಹೆಚ್ಚಿನದ್ದು ಟಾಟಾ ಕಾರ್ಖಾನೆಯದ್ದು. ಎಲ್ಲ ರಿವೆಟ್ (ತುದಿ ಬಡಿದು ಕೂರಿಸುವ ಉಕ್ಕಿನ ಮೊಳೆ) ಜೋಡಣೆ, ನಟ್–ಬೋಲ್ಟ್ ಇಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಡಿಪಾಯದ ಕಥೆ. ದಡದಲ್ಲಿ ಬಾವಿಗಳ ಹಾಗೆ ಗುಂಡಿ ತೋಡಿ ಮಣ್ಣು ತೆಗೆಯುತ್ತ, ಅಡಿಪಾಯವಾಗುವ ದೊಡ್ಡ ಪೆಟ್ಟಿಗೆಯನ್ನು ಕೆಳಗಿಳಿಸುತ್ತಿದ್ದರು. ಆ ಕೆಸರಲ್ಲಿ ಲಂಗರು, ಫಿರಂಗಿ, ಗುಂಡು, ಹಿತ್ತಾಳೆ ಪಾತ್ರೆ, ಕಂಪನಿ ಕಾಲದ ನಾಣ್ಯ ಸಿಕ್ಕವು. ಒಂದು ರಾತ್ರಿ ಅಡಿಯ ಮಣ್ಣು ಸರಿದು ಇಡೀ ಪೆಟ್ಟಿಗೆ ಎರಡಡಿ ಧಡ್ ಅಂತ ಕುಸಿಯಿತು. ಕೋಲ್ಕತ್ತಾದ ಖಿದಿರ್‌ಪುರದಲ್ಲಿದ್ದ ಭೂಕಂಪ ಮಾಪಕ ಅದನ್ನು ಭೂಕಂಪ ಅಂತಲೇ ದಾಖಲಿಸಿತು. ದಡದ ಒಂದು ಗುಡಿಯೂ ಬಿತ್ತು, ಆಮೇಲೆ ಅದನ್ನು ಮತ್ತೆ ಕಟ್ಟಿಸಿದರು.

1943ರ ಫೆಬ್ರವರಿಯಲ್ಲಿ ಸೇತುವೆ ತೆರೆಯಿತು. ಜಪಾನಿನ ಬಾಂಬಿನ ಭಯವಿದ್ದ ಕಾಲ, ದೊಡ್ಡ ಸಮಾರಂಭ ಮಾಡಲಿಲ್ಲ. ಇನ್ನೊಂದು ವಿಷಯ: ಈ ಸೇತುವೆ ತೆರೆದುಕೊಳ್ಳುವುದಿಲ್ಲ, ತೀರಾ ಎತ್ತರದಲ್ಲೂ ಇಲ್ಲ. ಆಗಲೇ ದೊಡ್ಡ ಹಡಗುಗಳು ನಿಲ್ಲುವ ಡಾಕ್‌ಗಳು ಸೇತುವೆ ದಾಟಿ ಕೆಳಗೆ, ನದಿ ಸಮುದ್ರಕ್ಕೆ ಹರಿಯುವ ಕಡೆಗಿದ್ದವು. ಆ ಕಡೆಗೆ 1992ರಲ್ಲಿ ಕೇಬಲ್‌ನಿಂದ ತೂಗುವ ವಿದ್ಯಾಸಾಗರ ಸೇತು ಬಂದಾಗ ಅದನ್ನು ಜಾಸ್ತಿ ಎತ್ತರಕ್ಕೆ ಕಟ್ಟಿದರು. ಅದಕ್ಕೂ ನೀರಿನ ನಡುವೆ ಕಂಬ ಇಲ್ಲ.

ಮತ್ತೆ ಹೋದಾಗ ಕಾಲುದಾರಿಯಲ್ಲಿ ನಡೆಯುತ್ತ ತೂಗುಕಂಬಿಗಳ ಬುಡ ನೋಡಿ. ಎಲೆ–ಅಡಿಕೆ ಜಗಿದು ಉಗಿದದ್ದಕ್ಕೆ, ಅದರೊಳಗಿನ ಸುಣ್ಣಕ್ಕೆ, 6 ಮಿಲಿಮೀಟರ್ ದಪ್ಪದ ಉಕ್ಕಿನ ಕವಚ ಅರ್ಧದಷ್ಟು ಸವೆದಿತ್ತು. 2011ರಲ್ಲಿ ಇದು ದೊಡ್ಡ ಸುದ್ದಿಯಾಯಿತು. ಆಮೇಲೆ ಅಲ್ಲಿಗೆ ಫೈಬರ್ ಹೊದಿಕೆ ಹಾಕಿದರು.