ಇಂಗ್ಲೆಂಡಿನ ಯುವ ರೈತರ ಕ್ಲಬ್‌ಗಳಲ್ಲಿ ಸದಸ್ಯರು ಏನು ಮಾಡುತ್ತಾರೆ?

ಇಂಗ್ಲೆಂಡ್ ಮತ್ತು ವೇಲ್ಸ್‌ನ ಯುವ ರೈತರ ಕ್ಲಬ್‌ಗಳು ಬೇಸಾಯ ಕಲಿಸುವ ಸಂಸ್ಥೆಗಳೇ ಅಥವಾ ಸ್ನೇಹಕೂಟಗಳೇ ಎಂಬುದು ಪ್ರಶ್ನೆ. ಅವು ಎರಡೂ ಹೌದು. ಆದರೆ ಅವುಗಳ ಜೀವಾಳ ಒಡನಾಟದಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲ ಕ್ಲಬ್ 1921ರಲ್ಲಿ ಡೆವನ್ ಪ್ರಾಂತ್ಯದ ಹೆಮ್ಯಾಕ್ ಎಂಬ ಹಳ್ಳಿಯಲ್ಲಿ ಆರಂಭವಾಯಿತು. ಹಾಲಿನ ಗುಣಮಟ್ಟ ಸುಧಾರಿಸಬೇಕೆಂಬ ಉದ್ದೇಶದಿಂದ ಹುಟ್ಟಿದ ಆ ಕ್ಲಬ್ಬಿನಲ್ಲಿ ರೈತರ ಮಕ್ಕಳು ಕರುಗಳನ್ನು ಸಾಕಲು ಕಲಿಯುತ್ತಿದ್ದರು. 1932ರಲ್ಲಿ ರಾಷ್ಟ್ರೀಯ ಒಕ್ಕೂಟ ರೂಪುಗೊಂಡಿತು. ಈಗ 10ರಿಂದ 28 ವರ್ಷದವರು ಸದಸ್ಯರಾಗಬಹುದು. ರೈತ ಕುಟುಂಬದವರೇ ಆಗಿರಬೇಕೆಂಬ ನಿಯಮವಿಲ್ಲ.

ಚಟುವಟಿಕೆಗಳಲ್ಲಿ ವಿಶಿಷ್ಟವಾದುದು ಜಾನುವಾರುಗಳ ಗುಣನಿರ್ಣಯ ಸ್ಪರ್ಧೆ. ಎದುರಿಗೆ ನಿಲ್ಲಿಸಿದ ನಾಲ್ಕು ಹಸುಗಳನ್ನೋ ಕುರಿಗಳನ್ನೋ ಸ್ಪರ್ಧಿಯು ಮೈಕಟ್ಟು, ಕಾಲುಗಳ ನಿಲುವು, ಕೆಚ್ಚಲು ಮೊದಲಾದ ಲಕ್ಷಣಗಳನ್ನು ಗಮನಿಸಿ ಉತ್ತಮದಿಂದ ಕೆಳಕ್ಕೆ ಕ್ರಮವಾಗಿ ಹೆಸರಿಸಬೇಕು. ಬಳಿಕ ಆ ಕ್ರಮಕ್ಕೆ ಕಾರಣಗಳನ್ನು ತೀರ್ಪುಗಾರರ ಮುಂದೆ ಬಾಯಿಮಾತಿನಲ್ಲಿ ಮಂಡಿಸಬೇಕು. ಪಶುಜ್ಞಾನವನ್ನೂ ಮಾತುಗಾರಿಕೆಯನ್ನೂ ಒಟ್ಟಿಗೆ ಬೆಳೆಸುವ ಇಂತಹ ಅಭ್ಯಾಸ ಶಾಲೆಗಳಲ್ಲಿ ಸಿಗುವುದು ವಿರಳ. ಭಾಷಣ ಸ್ಪರ್ಧೆ, ನಾಟಕ, ಹಗ್ಗ ಜಗ್ಗಾಟ, ನೃತ್ಯಕೂಟ, ಜಮೀನುಗಳ ಭೇಟಿ, ದತ್ತಿ ಕಾರ್ಯಗಳಿಗೆ ಹಣ ಸಂಗ್ರಹ ಇವೂ ನಡೆಯುತ್ತವೆ.

ಕ್ಲಬ್ಬಿನ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಎಲ್ಲರೂ ಸದಸ್ಯರೊಳಗಿನ ಯುವಜನರೇ ಆಗಿರುವುದರಿಂದ ಸಭೆ ನಡೆಸುವುದನ್ನೂ ಲೆಕ್ಕ ಇಡುವುದನ್ನೂ ಅವರು ಕೆಲಸದ ಮೂಲಕವೇ ಕಲಿಯುತ್ತಾರೆ. ದೂರದೂರದ ಜಮೀನುಗಳಲ್ಲಿ ದಿನವಿಡೀ ಒಬ್ಬರೇ ದುಡಿಯುವವರಿಗೆ ಸಮವಯಸ್ಕರೊಡನೆ ನಿಯತವಾಗಿ ಕಲೆಯುವ ಅವಕಾಶ ಇಲ್ಲಿ ದೊರೆಯುತ್ತದೆ.