ಎತ್ತರದ ಗೋಡೆಯ ಮೇಲಿನ ‘ಳ’

ಹಾಸನದಲ್ಲಿ ಎತ್ತರದ ಗೋಡೆಗಳ ಮೇಲೆ ಸ್ಪ್ರೇ ಬಣ್ಣದಿಂದ ‘ಳ’ ಎಂಬ ಒಂದೇ ಅಕ್ಷರ ಬರೆಯುವ ಅಜ್ಞಾತ ಕಲಾವಿದರನ್ನು ಜನ ಇಷ್ಟೊಂದು ಮೆಚ್ಚುವುದೇಕೆ, ಅದರಲ್ಲಿ ಧೈರ್ಯವೊಂದನ್ನು ಬಿಟ್ಟರೆ ಬೇರೇನಿದೆ ಎಂದು ತಾವು ಕೇಳಿದ್ದೀರಿ. ಅಲ್ಲಿ ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ಆ ಕೈಯ ಹದ.

ಬಿ.ಎಂ. ರಸ್ತೆಯ ಬದಿಯಲ್ಲಿ ಅರ್ಧಕ್ಕೇ ನಿಂತಿರುವ ಕಟ್ಟಡವೊಂದರ ಮೇಲ್ತುದಿಯ ತೊಲೆಯನ್ನು ನೋಡಿ. ಸ್ಪ್ರೇ ಡಬ್ಬಿಯನ್ನು ಗೋಡೆಗೆ ಹತ್ತಿರ ಹಿಡಿದರೆ ಗೆರೆಯ ಅಂಚು ಚೂಪಾಗಿ ಬರುತ್ತದೆ, ದೂರ ಹಿಡಿದರೆ ಮಬ್ಬಾಗಿ ಹರಡುತ್ತದೆ, ಕೈ ಒಂದೆಡೆ ತಡೆದರೆ ಬಣ್ಣ ಸೋರುತ್ತದೆ. ಈ ‘ಳ’ದ ಮೇಲ್ಭಾಗದ ಅಂಚು ಚೂಪಾಗಿದ್ದು, ಕೆಳಕ್ಕಿಳಿದಂತೆ ಮಬ್ಬಾಗುತ್ತ ಹೋಗುವುದರಿಂದ, ಬರೆದವರು ತಾರಸಿಯ ಅಂಚಿನಿಂದ ಬಗ್ಗಿ, ಕೈ ಚಾಚಿದಷ್ಟು ಚಾಚಿ, ಅಕ್ಷರವನ್ನು ತಲೆಕೆಳಗಾಗಿಯೇ ಬರೆದಿರಬೇಕೆಂದು ನನ್ನ ಊಹೆ. ಅಷ್ಟಾದರೂ ಒಂದು ಹನಿಯೂ ಸೋರಿಲ್ಲ, ಸುರುಳಿ ಎಲ್ಲಿಯೂ ತುಂಡಾಗಿಲ್ಲ. ಇನ್ನೂ ದೊಡ್ಡ ಸಂಗತಿಯೆಂದರೆ, ಕೆಳಗಿನಿಂದ ನೋಡುವಾಗ ಎತ್ತರದಲ್ಲಿರುವುದು ಕುಗ್ಗಿದಂತೆ ಕಾಣುತ್ತದೆಂಬುದನ್ನು ಅರಿತು, ಅವರು ಅಕ್ಷರವನ್ನು ಬೇಕೆಂದೇ ನೀಳವಾಗಿ ಎಳೆದಿದ್ದಾರೆ. ಎದುರಿನ ಕಟ್ಟಡದ ಮೂರನೆಯ ಮಹಡಿಯಿಂದ ಅದು ಸೊಟ್ಟಗೆ ಕಾಣುತ್ತದೆ, ರಸ್ತೆಯಲ್ಲಿ ಹೋಗುವ ಬಸ್ಸಿನ ಕಿಟಕಿಯಿಂದ ದುಂಡಗೆ ಕಾಣುತ್ತದೆ.

ನೋಡುವವರು ನಿಲ್ಲುವ ಜಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಈ ಜಾಣ್ಮೆ ನಮ್ಮ ಜಿಲ್ಲೆಗೆ ಹೊಸದಲ್ಲ. 1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಮದನಿಕೆಯರನ್ನು ಕೈಗೆಟಕದಂತೆ ಸೂರಿನಡಿಯಲ್ಲಿ, ಮುಂದಕ್ಕೆ ವಾಲಿಸಿ ಕೂರಿಸಿದ್ದಾರೆ. ಕತ್ತೆತ್ತಿ ನೋಡಿದವರಿಗೆ ಅವರ ಮುಖ ಎದುರಾಗುತ್ತದೆ. ಅಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಕೆಲಸದ ಕೆಳಗೆ ಹೆಸರನ್ನೂ ಕೆತ್ತಿದ್ದಾರೆ. ನಮ್ಮ ಈ ಕಲಾವಿದರಿಗೆ ಆ ಅವಕಾಶವಿಲ್ಲ. ಬಯಲಲ್ಲಿ ಕಾಣುವ ಗೋಡೆಗಳನ್ನು ವಿರೂಪಗೊಳಿಸುವುದನ್ನು ತಡೆಯಲು ರಾಜ್ಯದಲ್ಲಿ 1981ರಿಂದಲೇ ಕಾಯ್ದೆಯಿದೆ, ಅದು ಇರಬೇಕಾದದ್ದೂ ಹೌದು. ವಾಸದ ಮನೆಯ ಗೋಡೆಯ ಮೇಲಾಗಲಿ, ಹಳೆಯ ಕಲ್ಲುಕಟ್ಟಡದ ಮೇಲಾಗಲಿ ಇವರ ಅಕ್ಷರವನ್ನು ನಾನು ಈವರೆಗೆ ಕಂಡಿಲ್ಲವಾದ್ದರಿಂದಲೇ ಇಷ್ಟು ಮನಸಾರೆ ಮೆಚ್ಚಲು ನನಗೆ ಸಾಧ್ಯವಾಗಿದೆ.

ಇತ್ತೀಚೆಗೆ ಕೆಲವರು ಕಣ್ಣೆತ್ತರದ ಕಾಂಪೌಂಡ್ ಗೋಡೆಗಳ ಮೇಲೆ ಇದನ್ನು ಅನುಕರಿಸಿ ‘ಳ’ ಬರೆಯುತ್ತಿದ್ದಾರೆ. ಮೇಲಿನ ಅಕ್ಷರದ ನೀಳವನ್ನೂ ಹಾಗೆಯೇ ನಕಲು ಮಾಡಿರುವುದರಿಂದ, ಎದುರಿಗೆ ನಿಂತವರಿಗೆ ಅವು ಜಗ್ಗಿ ಬಿಟ್ಟಂತೆ ಕಾಣುತ್ತವೆ. ತಾವು ಒಮ್ಮೆ ಎರಡನ್ನೂ ಒಂದೇ ದಿನ ನೋಡಿದರೆ ನಾನು ಹೇಳುತ್ತಿರುವುದು ಸ್ಪಷ್ಟವಾಗುತ್ತದೆ.